ರೊಟ್ಟಿ ಎಷ್ಟು, ಪಲ್ಯ ಎಷ್ಟು: ತೂಕ ಇಳಿಸಲು ಹೊರಟವರ ತಾಟಿನ ಲೆಕ್ಕ

"ಅನ್ನಾ ಬಿಟ್ಟು ತಿಂಗಳ ಮ್ಯಾಲಾತ್ರಿ, ಬರೇ ರೊಟ್ಟಿ ಮ್ಯಾಲೇ ಅದೀನಿ. ಕಾಟಾ ಮಾತ್ರ ಅಲ್ಲೇ ನಿಂತೈತಿ." ಹುಬ್ಬಳ್ಳಿಯ ಉಣಕಲ್ ಕೆರೆಯ ದಂಡೆಯಲ್ಲೋ ಗದಗಿನ ಭೀಷ್ಮ ಕೆರೆಯ ಸುತ್ತಲೋ ಬೆಳಗ್ಗೆ ನಡೆಯುವವರ ಮಾತಿಗೆ ಕಿವಿಗೊಟ್ಟರೆ ಈ ದೂರು ಕೇಳದೆ ಇರುವುದಿಲ್ಲ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಅನ್ನ ಬಿಟ್ಟದ್ದೂ ನಿಜ, ತೂಕ ಇಳಿಯದೇ ಇರುವುದೂ ನಿಜ. ಅನ್ನ ಇದ್ದ ಜಾಗಕ್ಕೆ ಏನು ಬಂತು, ಎಷ್ಟು ಬಂತು ಎಂಬುದನ್ನು ಮಾತ್ರ ಯಾರೂ ಎಣಿಸಿರುವುದಿಲ್ಲ.

ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 330ರಿಂದ 350 ಕ್ಯಾಲೊರಿ ಇದೆ. ನೂರು ಗ್ರಾಂ ಅಕ್ಕಿಯಲ್ಲಿ 350ರ ಆಸುಪಾಸು. ಗೋಧಿಯೂ ಅದೇ ಸಾಲಿನದು. ಈಗ ಎಲ್ಲರ ಬಾಯಲ್ಲೂ ಇರುವ ನವಣೆ, ಸಾವೆಯೂ ಇದಕ್ಕಿಂತ ಬಹಳ ದೂರ ಇಲ್ಲ. ಅಂದರೆ ಹಿಟ್ಟಿಗೆ ಹಿಟ್ಟು, ಕಾಳಿಗೆ ಕಾಳು ಇಟ್ಟು ನೋಡಿದರೆ ಯಾವ ಧಾನ್ಯವೂ ತಾನಾಗಿ ತೂಕ ಇಳಿಸುವುದಿಲ್ಲ. ಐವತ್ತು ಗ್ರಾಂ ಹಿಟ್ಟಿನ ಒಂದು ರೊಟ್ಟಿ ಎಂದರೆ 170 ಕ್ಯಾಲೊರಿ. ನಾಲ್ಕು ರೊಟ್ಟಿ ತಿಂದರೆ 680. ಬಿಟ್ಟ ಒಂದು ಬಟ್ಟಲು ಅನ್ನ ಹೆಚ್ಚೆಂದರೆ 200 ಇದ್ದೀತು. ಅನ್ನ ಬಿಟ್ಟೆ ಎಂಬ ಧೈರ್ಯದಲ್ಲಿ ಒಂದೂವರೆ ರೊಟ್ಟಿ ಹೆಚ್ಚು ತಿಂದವರಿಗೆ ಲಾಭವೇ ಆಗಿಲ್ಲ.

ಹಾಗಂತ ರೊಟ್ಟಿಯನ್ನು ನಂಬಿದ ಹಿರಿಯರು ದಡ್ಡರಲ್ಲ. ಜೋಳದ ಹಿಟ್ಟಿನಲ್ಲಿ ನೂರು ಗ್ರಾಮಿಗೆ ಸುಮಾರು 10 ಗ್ರಾಂ ನಾರಿನಂಶ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರು ಗ್ರಾಮೂ ಇಲ್ಲ. ರೊಟ್ಟಿ ಬಡಿಯುವುದಕ್ಕೆ ಬಿಸಿನೀರು ಸಾಕು, ಎಣ್ಣೆ ಬೇಡ. ಅದನ್ನು ಅಗಿಯಬೇಕು, ಖಡಕ್ ರೊಟ್ಟಿಯಾದರೆ ಇನ್ನೂ ಹೆಚ್ಚು. ಅಗಿಯುವ ಕೆಲಸ ಹೆಚ್ಚಿದಷ್ಟೂ ಊಟ ನಿಧಾನವಾಗುತ್ತದೆ. ಇದರಿಂದ ಆಗುವ ಅನುಕೂಲ ಸಣ್ಣದಲ್ಲ ಎಂಬುದು ಮುಂದೆ ತಿಳಿಯುತ್ತದೆ. ನನ್ನ ವಾದ ಇಷ್ಟೇ: ಧಾರವಾಡ, ಗದಗ, ಹಾವೇರಿ ಸೀಮೆಯ ತಾಟಿನಲ್ಲಿ ತೂಕ ಇಳಿಸಲು ಬೇಕಾದ ಎಲ್ಲವೂ ಮೊದಲೇ ಇದೆ. ಓಟ್ಸ್ ಡಬ್ಬಿ ತರುವ ಅಗತ್ಯ ಇಲ್ಲ. ಕೆಟ್ಟಿರುವುದು ಪ್ರಮಾಣ. ಒಂದು ಕಾಲಕ್ಕೆ ಇಡೀ ದಿನ ಕುಂಟೆ ಹೊಡೆದು ಬಂದವರು ತಿನ್ನುತ್ತಿದ್ದಷ್ಟು ರೊಟ್ಟಿಯನ್ನು ಈಗ ನವನಗರದಿಂದ ಚಿಗರಿ ಬಸ್ ಹತ್ತಿ ಆಫೀಸಿಗೆ ಹೋಗಿ ಕುಳಿತು ಬರುವವರೂ ತಿನ್ನುತ್ತಿದ್ದಾರೆ. ಪಲ್ಯ ಮಾತ್ರ ರೊಟ್ಟಿಗೆ ಹಚ್ಚಿಕೊಳ್ಳುವಷ್ಟಕ್ಕೆ ಇಳಿದಿದೆ.

ಕೊಬ್ಬು ಕರಗುವುದು ಹೇಗೆ

ದೇಹಕ್ಕೆ ದಿನಕ್ಕೆ ಇಂತಿಷ್ಟು ಶಕ್ತಿ ಬೇಕು. ಉಸಿರಾಟ, ಹೃದಯದ ಬಡಿತ, ಮೈಯ ಬಿಸಿ, ಮಿದುಳಿನ ಕೆಲಸ ಇವಕ್ಕೇ ಅದರ ದೊಡ್ಡ ಪಾಲು ಹೋಗುತ್ತದೆ. ನಡೆದಾಡುವುದು, ದುಡಿಯುವುದು ಉಳಿದ ಪಾಲು. ತಿಂದದ್ದು ಖರ್ಚಿಗಿಂತ ಹೆಚ್ಚಾದರೆ ಅದು ಕೊಬ್ಬಾಗಿ ಕೂರುತ್ತದೆ. ಕಡಿಮೆಯಾದರೆ ಕೂತ ಕೊಬ್ಬನ್ನು ದೇಹ ತೆಗೆದು ಬಳಸುತ್ತದೆ. ಒಂದು ಕಿಲೋ ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿದೆ. ಹೀಗಾಗಿ ದಿನಕ್ಕೆ 500 ಕ್ಯಾಲೊರಿ ಕಡಿಮೆ ತಿಂದವರಿಗೆ ಶುರುವಿನಲ್ಲಿ ವಾರಕ್ಕೆ ಅರ್ಧ ಕಿಲೋದ ಹತ್ತಿರ ಇಳಿಯಬಹುದು. ಈ ಲೆಕ್ಕ ತಿಂಗಳುಗಟ್ಟಲೆ ಹೀಗೇ ನೆಟ್ಟಗೆ ನಡೆಯುವುದಿಲ್ಲ. ಮೈ ಸಣ್ಣದಾದಂತೆ ಅದರ ಖರ್ಚೂ ಸಣ್ಣದಾಗುತ್ತದೆ.

"ಹತ್ತು ದಿನದಲ್ಲಿ ಐದು ಕಿಲೋ" ಎಂಬ ಜಾಹೀರಾತುಗಳು ಪೂರ್ತಿ ಸುಳ್ಳೂ ಅಲ್ಲ ಎಂದರೆ ನಿಮಗೆ ಅಚ್ಚರಿಯಾದೀತು. ಯಕೃತ್ತು ಮತ್ತು ಸ್ನಾಯುಗಳಲ್ಲಿ ದೇಹ ಗ್ಲೈಕೋಜನ್ ಎಂಬ ರೂಪದಲ್ಲಿ ಒಂದಿಷ್ಟು ಸಕ್ಕರೆಯನ್ನು ಕೂಡಿಟ್ಟಿರುತ್ತದೆ. ಪ್ರತಿ ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ. ರೊಟ್ಟಿ, ಅನ್ನ, ಸಕ್ಕರೆ ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಿದರೆ ಆ ದಾಸ್ತಾನು ಖಾಲಿಯಾಗಿ ನೀರೂ ಹೊರಟುಹೋಗುತ್ತದೆ. ಕಾಟಾದ ಮುಳ್ಳು ಇಳಿಯುತ್ತದೆ, ಸೊಂಟದ ಕೊಬ್ಬು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಮದುವೆ ಮನೆಯ ಎರಡು ಊಟ ಮುಗಿಯುವುದರೊಳಗೆ ಹೋದ ನೀರು ವಾಪಸು.

ಹಾಗಾದರೆ ಏನನ್ನು ಕಡಿಮೆ ಮಾಡಬೇಕು, ಕೊಬ್ಬನ್ನೋ ಪಿಷ್ಟವನ್ನೋ? ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಎಣ್ಣೆ-ತುಪ್ಪ ಕಡಿಮೆ ಇರುವ ಊಟ, ಇನ್ನೊಂದಕ್ಕೆ ಪಿಷ್ಟ-ಸಕ್ಕರೆ ಕಡಿಮೆ ಇರುವ ಊಟ ಹೇಳಿಕೊಟ್ಟು ಒಂದು ವರ್ಷ ನೋಡಿದರು. ಫಲಿತಾಂಶ 2018ರಲ್ಲಿ ಬಂತು. ಒಂದು ಗುಂಪು ಸರಾಸರಿ 5.3 ಕಿಲೋ ಇಳಿದಿತ್ತು, ಇನ್ನೊಂದು 6 ಕಿಲೋ. ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಎರಡೂ ಗುಂಪುಗಳಿಗೆ ಹೇಳಿದ್ದ ಸಾಮಾನ್ಯ ಮಾತು ಒಂದಿತ್ತು: ತರಕಾರಿ ಹೆಚ್ಚು ತಿನ್ನಿ, ಸಕ್ಕರೆ ಮತ್ತು ಮೈದಾ ಕಡಿಮೆ ಮಾಡಿ, ಮನೆಯ ಅಡುಗೆ ಉಣ್ಣಿ. ಪಕ್ಕದ ಮನೆಯವರಿಗೆ ಹಿಡಿಸಿದ ಕ್ರಮ ನಿಮಗೂ ಹಿಡಿಸಬೇಕೆಂದಿಲ್ಲ. ಯಾವ ಊಟದಲ್ಲಿ ಕ್ಯಾಲೊರಿ ಕಡಿಮೆಯಾಗಿಯೂ ಹಸಿವು ಕಾಡುವುದಿಲ್ಲವೋ ಅದು ನಿಮ್ಮದು.

ಹಸಿವನ್ನು ಸುಮ್ಮನೆ ಸಹಿಸಿಕೊಂಡರಾಯಿತಲ್ಲ ಎನ್ನುವವರಿಗೆ ಇನ್ನೊಂದು ಪ್ರಯೋಗದ ಕಥೆ ಹೇಳಬೇಕು. ಎರಡನೇ ಮಹಾಯುದ್ಧದ ಕಾಲ, 1944-45. ಮಿನೆಸೋಟಾದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ಯುವಕರಿಗೆ ಆರು ತಿಂಗಳು ಅರೆಹೊಟ್ಟೆಯ ಊಟ ಕೊಟ್ಟರು. ತೂಕವೇನೋ ಇಳಿಯಿತು. ಆದರೆ ಅವರಿಗೆ ಊಟದ ಹೊರತು ಬೇರೆ ಯೋಚನೆಯೇ ಇಲ್ಲವಾಯಿತು. ಕೆಲವರು ಅಡುಗೆ ಪುಸ್ತಕಗಳನ್ನು ಕೂಡಿಹಾಕತೊಡಗಿದರು. ಸಿಡುಕು, ಮಂಕು, ಚಳಿ ಹೆಚ್ಚಿದವು. ನಿರ್ಬಂಧ ತೆಗೆದ ಮೇಲೆ ಹೊಟ್ಟೆ ತುಂಬಿದರೂ ತೃಪ್ತಿಯಾಗದೆ ತಿಂದವರಿದ್ದರು. ಇಲ್ಲಿ ಸೋತದ್ದು ಅವರ ಮನಸ್ಸಿನ ಗಟ್ಟಿತನ ಎನ್ನಲಾಗದು. ಬರಗಾಲ ಬಂತೆಂದು ತಿಳಿದ ದೇಹ ಹೀಗೇ ನಡೆದುಕೊಳ್ಳುತ್ತದೆ. ಸೋಮವಾರದಿಂದ ಬರೇ ಸವತಿಕಾಯಿ, ಮಜ್ಜಿಗಿ ಎಂದು ಶುರು ಮಾಡಿದವರು ಗುರುವಾರ ಸಂಜೆ ಬಜ್ಜಿ ಅಂಗಡಿಯ ಮುಂದೆ ನಿಂತಿರುವುದಕ್ಕೂ ಇದೇ ಕಾರಣ.

ಹೊಟ್ಟೆ ತುಂಬುವ ಬಗೆ

ಸಾಕು ಎನಿಸುವುದು ಹೊಟ್ಟೆಯಲ್ಲಿ ಶುರುವಾಗಿ ಮಿದುಳಿನಲ್ಲಿ ಮುಗಿಯುವ ಕೆಲಸ. ಊಟ ಬಿದ್ದಂತೆ ಜಠರದ ಗೋಡೆ ಹಿಗ್ಗುತ್ತದೆ, ಆ ಹಿಗ್ಗುವಿಕೆ ನರಗಳ ಮೂಲಕ ಸುದ್ದಿ ಕಳಿಸುತ್ತದೆ. ಆಹಾರ ಸಣ್ಣ ಕರುಳಿಗೆ ಇಳಿದಾಗ ಅಲ್ಲಿಂದ ಹಾರ್ಮೋನುಗಳು ಹೊರಡುತ್ತವೆ. ಈಗ ತೂಕ ಇಳಿಸುವ ಚುಚ್ಚುಮದ್ದಿನ ನೆಪದಲ್ಲಿ ಹೆಸರಾಗಿರುವ ಜಿಎಲ್‌ಪಿ-1 ಇವುಗಳಲ್ಲಿ ಒಂದು. ಇದಕ್ಕೆಲ್ಲ ಹದಿನೈದು, ಇಪ್ಪತ್ತು ನಿಮಿಷ ಬೇಕು. ಐದು ನಿಮಿಷದಲ್ಲಿ ಉಂಡು ಎದ್ದವರು ಸುದ್ದಿ ತಲುಪುವ ಮೊದಲೇ ಹೆಚ್ಚು ತಿಂದಿರುತ್ತಾರೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತವರ ಜೊತೆಗಾರರು 20 ಜನರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಎರಡು ವಾರ ಕಾರ್ಖಾನೆಯಲ್ಲಿ ತಯಾರಾದ ಆಹಾರ, ಎರಡು ವಾರ ಸಾದಾ ಅಡುಗೆ ಕೊಟ್ಟರು. ಎರಡರಲ್ಲೂ ಬಡಿಸಿದ ಸಕ್ಕರೆ, ಕೊಬ್ಬು, ನಾರು, ಉಪ್ಪು ಸಮನಾಗಿದ್ದವು. ಬೇಕಾದಷ್ಟು ತಿನ್ನಿ ಎಂದರು. 2019ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಕಾರ್ಖಾನೆಯ ಆಹಾರ ಸಿಕ್ಕ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದಿದ್ದರು, ಬೇಗ ಬೇಗ ತಿಂದಿದ್ದರು, ಎರಡು ವಾರದಲ್ಲಿ ಸುಮಾರು ಒಂದು ಕಿಲೋ ಏರಿದ್ದರು. ಸಾದಾ ಅಡುಗೆಯಲ್ಲಿ ಅಷ್ಟೇ ಇಳಿದಿದ್ದರು.

ನಮ್ಮ ಕಡೆಗೆ ತಂದು ನೋಡಿ. ಚಹಾದಲ್ಲಿ ಅದ್ದಿದ ಬಿಸ್ಕೀಟು, ಖಾರಿ, ಟೋಸ್ಟು ಬಾಯಲ್ಲಿ ಇಟ್ಟರೆ ಕರಗುತ್ತವೆ. ನಾಲ್ಕು ಹೋದವೋ ಆರು ಹೋದವೋ ಗೊತ್ತಾಗುವುದಿಲ್ಲ. ಅಷ್ಟೇ ಕ್ಯಾಲೊರಿಯನ್ನು ಒಂದು ರೊಟ್ಟಿ, ಹಕ್ಕರಿಕಿ ಸೊಪ್ಪು, ಮಡಕಿಕಾಳಿನ ಪಲ್ಯದಲ್ಲಿ ತಿನ್ನಲು ಹೋದರೆ ದವಡೆ ದಣಿಯುತ್ತದೆ, ಹೊಟ್ಟೆ ಬಿಗಿಯುತ್ತದೆ, ತಾಸುಗಟ್ಟಲೆ ಹಸಿವಾಗುವುದಿಲ್ಲ. ನೀರು ಮತ್ತು ನಾರು ಹೆಚ್ಚಿದ್ದು ಹೊಟ್ಟೆಯ ಜಾಗ ತುಂಬುತ್ತದೆ. ಪ್ರೋಟೀನ್ ಬಹಳ ಹೊತ್ತು ಹಸಿವನ್ನು ತಡೆಯುತ್ತದೆ.

ತಾಟನ್ನು ತಿರುಗಿಸಿ ಬಡಿಸುವುದು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಹೊಸ ಆಹಾರ ಮಾರ್ಗಸೂಚಿ ಹೊರತಂದಿದೆ. ಅದರ ತಾಟಿನಲ್ಲಿ ಅರ್ಧದಷ್ಟು ಜಾಗ ತರಕಾರಿ, ಸೊಪ್ಪು, ಹಣ್ಣುಗಳಿಗೆ. ಧಾನ್ಯಗಳಿಂದ ಬರುವ ಶಕ್ತಿ ಒಟ್ಟಿನ 45 ಶೇಕಡಾ ದಾಟಬಾರದು ಎನ್ನುತ್ತದೆ. ನಮ್ಮ ಸಾಮಾನ್ಯ ತಾಟನ್ನು ನೋಡಿದರೆ ಇದು ತಲೆಕೆಳಗು: ರೊಟ್ಟಿ, ಮೇಲೆ ಅನ್ನ, ಅನ್ನಕ್ಕೆ ಸಾರು, ಒಂದು ಚಮಚ ಪಲ್ಯ.

ಖಾನಾವಳಿಯ ತಾಟು ನೆನಪಿಸಿಕೊಳ್ಳಿ. ರೊಟ್ಟಿಯ ಪಕ್ಕದಲ್ಲಿ ಹಸಿ ಮೆಂತ್ಯೆಪಲ್ಲೆ, ಮೂಲಂಗಿ, ಉಳ್ಳಾಗಡ್ಡಿ, ಸವತಿಕಾಯಿ, ಗಜ್ಜರಿ ಇಡುವ ರೂಢಿ ಇದೆ. ಬಹಳ ಮಂದಿ ಅದನ್ನು ಅಲಂಕಾರ ಎಂದುಕೊಂಡು ಬದಿಗೆ ಸರಿಸುತ್ತಾರೆ. ನನ್ನ ಲೆಕ್ಕದಲ್ಲಿ ಉತ್ತರ ಕರ್ನಾಟಕದ ಊಟದ ಅತ್ಯಂತ ಜಾಣ ಭಾಗ ಅದೇ. ಅದನ್ನು ಮೊದಲು ತಿನ್ನಿ, ಎರಡನೇ ಸಲ ಕೇಳಿ ಹಾಕಿಸಿಕೊಳ್ಳಿ. ಆಮೇಲೆ ಕಾಳಿನ ಪಲ್ಯ, ಪುಂಡಿಪಲ್ಲೆ, ಹೀರಿಕಾಯಿ, ಚವಳಿಕಾಯಿ ಯಾವುದಿದೆಯೋ ಅದು ದೊಡ್ಡ ಬಟ್ಟಲು ತುಂಬ. ರೊಟ್ಟಿ ಎರಡು. ಅನ್ನ ಬೇಕೇಬೇಕು ಎನ್ನುವವರು ಒಂದು ರೊಟ್ಟಿ ತೆಗೆದು ಒಂದು ಸಣ್ಣ ಬಟ್ಟಲು ಅನ್ನ, ಮಜ್ಜಿಗಿ. ಅನ್ನದ ಮೇಲೆ ನನಗೆ ದ್ವೇಷವಿಲ್ಲ. ರೊಟ್ಟಿಯೂ ಅನ್ನವೂ ಎರಡೂ ಹೊಟ್ಟೆ ತುಂಬ ಎಂಬ ಹಟವೇ ತೊಂದರೆ.

ಹಿಟ್ಟನ್ನು ಒಂದು ಸಲ ತೂಗಿ ನೋಡುವುದು ಒಳ್ಳೆಯದು. ಒಂದೊಂದು ಮನೆಯ ರೊಟ್ಟಿ ಒಂದೊಂದು ದಪ್ಪ. ನಿಮ್ಮ ಮನೆಯ ಒಂದು ರೊಟ್ಟಿಗೆ 40 ಗ್ರಾಂ ಹಿಟ್ಟು ಹಿಡಿಯುತ್ತದೋ 70 ಗ್ರಾಮೋ ತಿಳಿಯದೆ "ಎರಡು ರೊಟ್ಟಿ" ಎಂಬ ಸಲಹೆಗೆ ಅರ್ಥ ಇರುವುದಿಲ್ಲ.

ಪ್ರೋಟೀನಿನ ವಿಷಯವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ನಮ್ಮ ಊಟ ಸೋಲುವುದು ಇಲ್ಲೇ. ದೊಡ್ಡವರಿಗೆ ದಿನಕ್ಕೆ ಪ್ರತಿ ಕಿಲೋ ಮೈತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು. 70 ಕಿಲೋ ಇರುವವರಿಗೆ 58 ಗ್ರಾಂ. ತೂಕ ಇಳಿಸುವಾಗ ಇನ್ನೂ ತುಸು ಹೆಚ್ಚಿದ್ದರೆ ಒಳ್ಳೆಯದು, ಏಕೆಂದರೆ ಊಟ ಕಡಿಮೆಯಾದಾಗ ದೇಹ ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸಿಬಿಡುತ್ತದೆ. ಈಗ ಒಂದು ಸಾಮಾನ್ಯ ದಿನ ಎಣಿಸೋಣ. ಬೆಳಗ್ಗೆ ಒಂದು ತಾಟು ಉಪ್ಪಿಟ್ಟಿನಿಂದ 5 ಗ್ರಾಂ, ಮೂರು ರೊಟ್ಟಿಯಿಂದ 15, ಒಂದು ಬಟ್ಟಲು ಅನ್ನದಿಂದ 4, ತೆಳ್ಳಗಿನ ಬ್ಯಾಳಿ ಸಾರಿನಿಂದ 2 ಅಥವಾ 3, ದಿನದ ಚಹಾಗಳ ಹಾಲಿನಿಂದ 6. ಎಲ್ಲ ಸೇರಿ ಮೂವತ್ತಮೂರರ ಹತ್ತಿರ. ಅರ್ಧ ದಾರಿಗಿಂತ ತುಸುವೇ ಮುಂದೆ.

ಕೊರತೆ ತುಂಬಲು ಡಬ್ಬಿಯ ಪುಡಿ ಬೇಕಿಲ್ಲ. ಸಾರಿನ ತಳದಲ್ಲಿರುವ ಬ್ಯಾಳಿಯನ್ನು ಕದಡಿ ಗಟ್ಟಿಯಾಗಿ ಹಾಕಿಸಿಕೊಳ್ಳಿ. ಮೊಳಕೆ ಬರಿಸಿದ ಮಡಕಿ, ಹೆಸರು, ಅಲಸಂದಿ ಯಾವುದಾದರೂ ಒಂದು ಹಿಡಿ ಒಣಕಾಳಿನಿಂದ 8-9 ಗ್ರಾಂ ಸಿಗುತ್ತದೆ. ಒಂದು ಬಟ್ಟಲು ಗಟ್ಟಿ ಮೊಸರಿನಿಂದ 5. ಒಂದು ಮೊಟ್ಟೆಯಿಂದ 6. ಮೊಟ್ಟೆ ಒಳಗೆ ಬರದ ಮನೆಗಳು ನಮ್ಮಲ್ಲಿ ಬಹಳ. ಅಲ್ಲಿ ಪುಠಾಣಿ ಇದೆ, ಐವತ್ತು ಗ್ರಾಮಿನಲ್ಲಿ ಸುಮಾರು 11 ಗ್ರಾಂ ಪ್ರೋಟೀನ್, ನಾರೂ ಉಂಟು. ಝುಣಕ ಕೂಡ ಕಡ್ಲಿಹಿಟ್ಟಿನದೇ, ಒಳ್ಳೆಯದೇ. ಅದಕ್ಕೆ ಸುರಿಯುವ ಎಣ್ಣೆ ಒಂದನ್ನು ಬಿಟ್ಟರೆ.

ಎಣ್ಣೆ, ಶೇಂಗಾ, ಬೆಲ್ಲ

ಪಿಷ್ಟಕ್ಕೂ ಪ್ರೋಟೀನಿಗೂ ಗ್ರಾಮಿಗೆ 4 ಕ್ಯಾಲೊರಿ. ಕೊಬ್ಬಿಗೆ 9. ಒಂದು ದೊಡ್ಡ ಚಮಚ ಎಣ್ಣೆ 120 ಕ್ಯಾಲೊರಿ, ಮುಕ್ಕಾಲು ರೊಟ್ಟಿಗೆ ಸಮ. ಹೊಟ್ಟೆಯಲ್ಲಿ ಅದು ಹಿಡಿಯುವ ಜಾಗ ಮಾತ್ರ ಏನೇನೂ ಅಲ್ಲ. ಬದನೆಕಾಯಿ ಎಣಗಾಯಿಯನ್ನು ತರಕಾರಿ ಎಂದು ಲೆಕ್ಕ ಹಾಕುವವರು ಅದರೊಳಗೆ ಶೇಂಗಾ, ಕೊಬ್ಬರಿ, ಗುರೆಳ್ಳು ತುಂಬಿರುವುದನ್ನೂ, ಮೇಲೆ ಎಣ್ಣೆ ತೇಲುವುದನ್ನೂ ಮರೆಯುತ್ತಾರೆ. ಬದನೆಕಾಯಿಗೆ ಬೇರೆ ತರಕಾರಿಗಿಂತ ಎಣ್ಣೆ ಹೀರುವ ಚಟ ಹೆಚ್ಚು. ಎಣಗಾಯಿ ಬಿಡಿ ಎಂದು ಹುಬ್ಬಳ್ಳಿಯವರಿಗೆ ಹೇಳುವ ಧೈರ್ಯ ನನಗಿಲ್ಲ. ದಿನಾ ಬೇಡ, ಮಾಡಿದ ದಿನ ಕಾಯಿ ತಿಂದು ಎಣ್ಣೆ ಪಾತ್ರೆಯಲ್ಲೇ ಬಿಡಿ ಎನ್ನಬಲ್ಲೆ.

"ನಾವು ಗಾಣದ ಎಣ್ಣಿನ ವಾಪರಸ್ತೀವ್ರಿ" ಎಂಬ ಸಮಾಧಾನ ಈಚೆಗೆ ಹೆಚ್ಚಾಗಿದೆ. ಗಾಣದ್ದಿರಲಿ, ಪಾಕೀಟಿನದ್ದಿರಲಿ, ಕುಸುಬಿಯದ್ದಿರಲಿ, ಶೇಂಗಾದ್ದಿರಲಿ, ಗ್ರಾಮಿಗೆ 9 ಎಂಬುದು ಬದಲಾಗುವುದಿಲ್ಲ. ಕೊಬ್ಬಿನ ಗುಣದಲ್ಲಿ, ರುಚಿಯಲ್ಲಿ ವ್ಯತ್ಯಾಸ ಇದೆ. ತೂಕದ ಲೆಕ್ಕದಲ್ಲಿ ಇಲ್ಲ. ಎಣ್ಣೆಯನ್ನು ಅಳೆಯುವ ಸುಲಭ ದಾರಿ ತಿಂಗಳ ಕಿರಾಣಿ ಚೀಟಿ. ನಾಲ್ಕು ಮಂದಿಯ ಮನೆಗೆ ನಾಲ್ಕು ಲೀಟರ್ ಬರುತ್ತಿದ್ದರೆ ತಲೆಗೆ ದಿನಕ್ಕೆ 30 ಗ್ರಾಂ, ಅಂದರೆ 270 ಕ್ಯಾಲೊರಿ ಎಣ್ಣೆಯಿಂದಲೇ. ಎರಡು ಲೀಟರಿಗೆ ಇಳಿಸಿದರೆ ಯಾರೂ ಒಂದು ತುತ್ತೂ ಬಿಡದೆ ದಿನಕ್ಕೆ 135 ಉಳಿಯುತ್ತದೆ. ಡಬ್ಬಿಯಿಂದ ಬಗ್ಗಿಸುವುದು ಬಿಟ್ಟು ಚಮಚದಿಂದ ಹಾಕಿದರೆ ಅರ್ಧ ಕೆಲಸ ಆದಂತೆ.

ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ ಬಗ್ಗೆ ಎರಡು ಮಾತು. ಶೇಂಗಾ ಒಳ್ಳೆಯ ಆಹಾರ, ನೂರು ಗ್ರಾಮಿಗೆ 23-25 ಗ್ರಾಂ ಪ್ರೋಟೀನ್. ಜೊತೆಗೇ 550ರ ಹತ್ತಿರ ಕ್ಯಾಲೊರಿ. ಒಂದು ಚಮಚ ಹಿಂಡಿ ರುಚಿಗೆ ಸರಿ. ಹಿಂಡಿಯನ್ನು ಎಣ್ಣೆಯಲ್ಲಿ ಕಲಸಿ ಅದನ್ನೇ ಪಲ್ಯದ ಜಾಗಕ್ಕೆ ತಂದರೆ ಊಟದ ಲೆಕ್ಕ ತಪ್ಪುತ್ತದೆ. ಮೊಸರಿನಲ್ಲಿ ಕಲಸಿ. ಅಗಸಿ ಹಿಂಡಿಗೂ ಗುರೆಳ್ಳಿನ ಹಿಂಡಿಗೂ ಇದೇ ಮಾತು.

ಬೆಲ್ಲಕ್ಕೂ ಸಕ್ಕರೆಗೂ ಕ್ಯಾಲೊರಿಯಲ್ಲಿ ಅಂಥ ಅಂತರ ಇಲ್ಲ. ಜೇನುತುಪ್ಪವನ್ನು ಬಿಸಿನೀರಿಗೆ ಹಾಕಿ ಕುಡಿದರೆ ಕೊಬ್ಬು ಕರಗುತ್ತದೆ ಎಂಬ ನಂಬಿಕೆಗೆ ಆಧಾರ ಇಲ್ಲ. ಜೇನು ಸಕ್ಕರೆಯೇ, ನೀರು ನೀರೇ. ಬ್ಯಾಡಗಿಯಷ್ಟು ಹತ್ತಿರದ ಊರು ಇದ್ದಮೇಲೆ ಖಾರದ ಬಗ್ಗೆಯೂ ಕೇಳುವವರಿದ್ದಾರೆ. ಮೆಣಸಿನಕಾಯಿ ಮೈಖರ್ಚನ್ನು ತುಸು ಏರಿಸುತ್ತದೆ, ಕಾಟಾ ಗಮನಿಸುವಷ್ಟಲ್ಲ. ಖಾರ ತಿಂದು ಇನ್ನೊಂದು ರೊಟ್ಟಿ ಇಳಿಯಿತೆಂದರೆ ಅದೂ ಹೋಯಿತು.

ಸಂಜೆ ಐದರಿಂದ ಏಳು

ಬಹಳ ಜನರ ಪಥ್ಯ ಮುರಿಯುವ ಹೊತ್ತು ಇದು. ಮಧ್ಯಾಹ್ನ ಒಂದಕ್ಕೆ ಉಂಡು ರಾತ್ರಿ ಒಂಬತ್ತೂವರೆಗೆ ಉಣ್ಣುವವರಿಗೆ ನಡುವೆ ಎಂಟೂವರೆ ತಾಸಿನ ಖಾಲಿ. ದುರ್ಗದ ಬೈಲಿನ ಗಾಡಿಗಳ ಕಡೆಯಿಂದ ಬರುವ ವಾಸನೆ, ಗೆಳೆಯರು, ಚಹಾ. ಇಲ್ಲಿ ಸಂಯಮದ ಉಪದೇಶ ಉಪಯೋಗಕ್ಕೆ ಬರುವುದಿಲ್ಲ. ನಾಲ್ಕೂವರೆಗೇ ಏನಾದರೂ ತಿಂದಿರಬೇಕು. ಒಂದು ಹಿಡಿ ಪುಠಾಣಿ, ಕುದಿಸಿದ ಕಡ್ಲಿಕಾಳು, ಒಂದು ಪೇರಲಹಣ್ಣು, ಒಂದು ಲೋಟ ಮಜ್ಜಿಗಿ. ಹಸಿದು ಹೋದವರ ಕೈಗೂ ಅರ್ಧ ಹೊಟ್ಟೆ ತುಂಬಿ ಹೋದವರ ಕೈಗೂ ಬಹಳ ವ್ಯತ್ಯಾಸ ಇರುತ್ತದೆ.

ಗಿರ್ಮಿಟ್ ಪಾಪದ್ದು. ಚುರಮರಿ ಹಗುರ, ಮೇಲೆ ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ, ಪುಠಾಣಿ ಹಿಟ್ಟು. ಗೊಜ್ಜಿನ ಎಣ್ಣೆ, ಮೇಲೆ ಉದುರಿಸುವ ಸೇವು ಕಡಿಮೆ ಇದ್ದರೆ ಒಂದು ಪ್ಲೇಟ್ ತಿಂದು ಪಶ್ಚಾತ್ತಾಪ ಪಡಬೇಕಾಗಿಲ್ಲ. ಕೆಡಿಸುವುದು ಅದರ ಜೊತೆಗೆ ಬರುವ ಮಿರ್ಚಿ ಬಜ್ಜಿ. ಕಡ್ಲಿಹಿಟ್ಟಿನ ದಪ್ಪ ಹೊದಿಕೆ ಎಣ್ಣೆಯನ್ನು ಕುಡಿದಿರುತ್ತದೆ, ಒಂದು ಎಂದು ಶುರುವಾದದ್ದು ಮೂರಕ್ಕೆ ನಿಲ್ಲುತ್ತದೆ. ಗದಗಿನವರಿಗೆ ಬಜ್ಜಿ ಬಿಡಿ ಎನ್ನುವುದು ವ್ಯರ್ಥ; ವಾರದಲ್ಲಿ ಒಂದು ದಿನ ಗೊತ್ತು ಮಾಡಿಕೊಂಡು ಆ ದಿನ ಎರಡು ತಿನ್ನುವುದು ದಿನಾ ಒಂದೊಂದು ಕದ್ದು ತಿನ್ನುವುದಕ್ಕಿಂತ ಮೇಲು. ಧಾರವಾಡ ಪೇಡೆಯದೂ ಅಷ್ಟೇ. ಖವೆ ಮತ್ತು ಸಕ್ಕರೆ ಸೇರಿದ ಪದಾರ್ಥ, ಊಟವಾದ ಮೇಲೆ ಒಂದು ಸಾಕು. ಪೆಟ್ಟಿಗೆ ತೆರೆದು ಟಿವಿ ಮುಂದೆ ಇಟ್ಟುಕೊಳ್ಳಬಾರದು.

ಚಹಾ ಸಣ್ಣದಾಗಿ ಕಾಣುತ್ತದೆ. ಒಂದು ಕಪ್ಪಿಗೆ ಎರಡು ಚಮಚ ಸಕ್ಕರೆಯಂತೆ ದಿನಕ್ಕೆ ನಾಲ್ಕು ಕಪ್ ಎಂದರೆ 35-40 ಗ್ರಾಂ. ಸೇರಿಸಿದ ಸಕ್ಕರೆ ದಿನದ ಶಕ್ತಿಯ 10 ಶೇಕಡಾ ಮೀರಬಾರದು, 5 ಶೇಕಡಾದ ಒಳಗಿದ್ದರೆ ಇನ್ನೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2,000 ಕ್ಯಾಲೊರಿಯ ಊಟದಲ್ಲಿ ಐದು ಶೇಕಡಾ ಎಂದರೆ 25 ಗ್ರಾಂ. ಚಹಾದಲ್ಲೇ ಅದು ದಾಟಿತು. ಒಂದೇ ದಿನ ಸಪ್ಪೆ ಚಹಾಕ್ಕೆ ಹೋಗಬೇಡಿ, ಎರಡನೇ ದಿನ ಬೇಸರವಾಗುತ್ತದೆ. ವಾರಕ್ಕೆ ಅರ್ಧ ಚಮಚದಂತೆ ಇಳಿಸಿದರೆ ನಾಲಿಗೆ ಹೊಂದಿಕೊಳ್ಳುತ್ತದೆ. ದಾರೂ ಕುಡಿಯುವವರಿಗೆ ಒಂದೇ ಮಾತು: ಆಲ್ಕೊಹಾಲಿಗೆ ಗ್ರಾಮಿಗೆ 7 ಕ್ಯಾಲೊರಿ, ಜೊತೆಗಿನ ಖಾರಾ-ಶೇಂಗಾ ಬೇರೆ.

ನಡಿಗೆಯನ್ನೂ ಇಲ್ಲೇ ಹೇಳಿಬಿಡಬಹುದು. 70 ಕಿಲೋ ಇರುವವರು ಒಂದು ತಾಸು ಚುರುಕಾಗಿ ನಡೆದರೆ 200-250 ಕ್ಯಾಲೊರಿ ಖರ್ಚಾದೀತು. ನೃಪತುಂಗ ಬೆಟ್ಟ ಇಳಿದು ಬಂದು ಒಂದು ಪ್ಲೇಟ್ ಇಡ್ಲಿ-ವಡೆ, ಸಕ್ಕರೆ ಚಹಾ ಆದರೆ ಅದು ತೀರಿತು. ನಡಿಗೆ ರಕ್ತದೊತ್ತಡಕ್ಕೆ, ಸಕ್ಕರೆಗೆ, ಮನಸ್ಸಿಗೆ, ಇಳಿದ ತೂಕ ಮತ್ತೆ ಏರದಂತೆ ತಡೆಯುವುದಕ್ಕೆ ಬೇಕೇ ಬೇಕು. ಇಳಿಸುವ ಕೆಲಸ ಮಾತ್ರ ಬಹುಪಾಲು ತಾಟಿನಲ್ಲೇ ನಡೆಯುವುದು.

ಅಡುಗೆ ಮಾಡುವವರ ತಾಟು

ಈ ತನಕ ಹೇಳಿದ್ದೆಲ್ಲ ಬಡಿಸಿಕೊಂಡು ಉಣ್ಣುವವರಿಗೆ ಸುಲಭ. ಬಡಿಸುವವರ ಪರಿಸ್ಥಿತಿ ಬೇರೆ. ಎಲ್ಲರದೂ ಆದ ಮೇಲೆ ಉಣ್ಣುವ ಹೆಣ್ಣುಮಕ್ಕಳಿಗೆ ಸಿಗುವುದು ಉಳಿದದ್ದು. ಪಲ್ಯ ಮುಗಿದಿರುತ್ತದೆ, ಕಾಳು ಮುಗಿದಿರುತ್ತದೆ, ರೊಟ್ಟಿ, ಅನ್ನ, ಹಿಂಡಿ ಇರುತ್ತವೆ. "ಕೆಡತೈತಿ" ಎಂದು ಉಳಿದ ಅನ್ನವನ್ನೂ ತಿಂದು ಮುಗಿಸುತ್ತಾರೆ. ಮಕ್ಕಳ ತಾಟಿನಲ್ಲಿ ಬಿಟ್ಟ ಅರ್ಧ ಚಪಾತಿಯೂ ಅವರಿಗೇ. ಹೀಗೆ ಊಟ ಕಡಿಮೆ ಎನಿಸಿದರೂ ಕ್ಯಾಲೊರಿ ಹೆಚ್ಚು, ಪ್ರೋಟೀನ್ ಕಡಿಮೆ. "ಅಕೀ ಏನೂ ತಿನ್ನಂಗಿಲ್ಲ, ಆದ್ರೂ ದಪ್ಪ ಆಗ್ಯಾಳ" ಎಂದು ಮನೆಯವರು ಹೇಳುವುದರ ಹಿಂದೆ ಇದು ಎಷ್ಟೋ ಸಲ ಇರುತ್ತದೆ.

ಇದಕ್ಕೆ ಪರಿಹಾರ ಸರಳ, ಮನೆಯಲ್ಲಿ ಜಾರಿ ಮಾಡುವುದು ಕಷ್ಟ: ಅಡುಗೆ ಇಳಿಸಿದ ಕೂಡಲೇ ತಮ್ಮ ಪಾಲಿನ ಕಾಳು-ಪಲ್ಯವನ್ನು ಒಂದು ಡಬ್ಬಿಗೆ ತೆಗೆದಿಡುವುದು. ಉಳಿದ ಅನ್ನವನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ಬೆಳಗ್ಗೆ ಎಲ್ಲರಿಗೂ ಒಗ್ಗರಣೆ ಹಾಕುವುದು. ತೂಕ ಇಳಿಸುವವರಿಗೆ ಬೇರೆ ಅಡುಗೆ ಮಾಡುವ ಪದ್ಧತಿ ಎರಡು ವಾರ ನಡೆಯುವುದಿಲ್ಲ, ಅದರ ಭಾರವೂ ಇವರ ಮೇಲೇ. ಮನೆಯ ಎಲ್ಲರಿಗೂ ಒಂದೇ ಅಡುಗೆ, ಎಣ್ಣೆ ಕಡಿಮೆ, ಪಲ್ಯ ಹೆಚ್ಚು ಎಂದಾದರೆ ಮಾತ್ರ ಉಳಿಯುತ್ತದೆ.

ಬೀಗರ ಮನೆ, ಜಾತ್ರೆ, ಮದುವೆಗಳಲ್ಲಿ "ಇಷ್ಟರಾಗ ಏನ್ ಆಕ್ಕೈತ್ರಿ, ಇನ್ನೊಂದ್ ಹೋಳಿಗಿ ಹಾಕಸ್ಕೋರಿ" ಎನ್ನುವವರ ಕೈ ತಡೆಯುವುದು ಕಷ್ಟ. ತಾಟು ಖಾಲಿ ಮಾಡದೆ ಕಡೆಯ ತುಂಡನ್ನು ಹಾಗೇ ಇಟ್ಟುಕೊಂಡು ಮಾತಾಡುತ್ತ ಕುಳಿತರೆ ಬಡಿಸುವವರು ಮುಂದಕ್ಕೆ ಹೋಗುತ್ತಾರೆ. ವರ್ಷದ ನಾಲ್ಕಾರು ಹೋಳಿಗೆ ಊಟಗಳಿಂದ ಯಾರ ತೂಕವೂ ಕೆಟ್ಟಿಲ್ಲ.

ಇಳಿಯುವುದು ನಿಂತಾಗ, ಮತ್ತು ಔಷಧಿ ಇದ್ದವರಿಗೆ

ಎಷ್ಟು ಇಳಿಸಬೇಕು? ಭಾರತೀಯರಲ್ಲಿ ಹೊಟ್ಟೆಯ ಸುತ್ತ ಕೊಬ್ಬು ಬೇಗ ಕೂಡುವುದರಿಂದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ಸೊಂಟದ ಸುತ್ತಳತೆ ದಾಟಿದರೆ ಎಚ್ಚರ ವಹಿಸಬೇಕು ಎನ್ನುತ್ತಾರೆ ವೈದ್ಯರು. ಇದ್ದ ತೂಕದ 5ರಿಂದ 10 ಶೇಕಡಾ ಇಳಿದರೂ ರಕ್ತದ ಸಕ್ಕರೆ, ಒತ್ತಡ, ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಸುಧಾರಿಸುತ್ತವೆ. 80 ಕಿಲೋ ಇರುವವರಿಗೆ ಅದು ನಾಲ್ಕೇ ಕಿಲೋದಿಂದ ಶುರು. ಕಾಲೇಜು ದಿನಗಳ ಫೋಟೊ ಗೋಡೆಗೆ ಹಚ್ಚಿಕೊಂಡು ಅಷ್ಟಕ್ಕೇ ಇಳಿಯುತ್ತೇನೆ ಎಂದು ಹೊರಡುವುದಕ್ಕಿಂತ ಇದು ಕೈಗೆ ಸಿಗುವ ಗುರಿ.

ಕೆಲವು ತಿಂಗಳಾದ ಮೇಲೆ ಕಾಟಾ ನಿಲ್ಲುವುದು ಸಹಜ. ಹಗುರಾದ ಮೈಗೆ ಖರ್ಚು ಕಡಿಮೆ, ಜೊತೆಗೆ ಬಡಿಸಿಕೊಳ್ಳುವ ಕೈ ನಮಗೆ ಗೊತ್ತಿಲ್ಲದೆ ಸಡಿಲವಾಗಿರುತ್ತದೆ. ಆಗ ಊಟವನ್ನು ಇನ್ನೂ ಕತ್ತರಿಸುವ ಮೊದಲು ಒಂದು ವಾರ ತಿಂದದ್ದನ್ನೆಲ್ಲ ಬರೆದಿಟ್ಟು ನೋಡಿ. ಭಾರ ಎತ್ತುವ ವ್ಯಾಯಾಮ ಸೇರಿಸಿದರೆ ಸ್ನಾಯು ಉಳಿಯುತ್ತದೆ. ವಾರಕ್ಕೊಮ್ಮೆ, ಬೆಳಗ್ಗೆ, ಒಂದೇ ಕಾಟಾದ ಮೇಲೆ ತೂಗಿ. ಮುಟ್ಟಿನ ದಿನಗಳ ಹತ್ತಿರ ನೀರು ನಿಂತು ಮುಳ್ಳು ಏರಿದರೆ ಗಾಬರಿ ಬೇಡ. ವಾರಕ್ಕೆ ಒಂದು ಕಿಲೋಗಿಂತ ವೇಗವಾಗಿ ಬಹಳ ದಿನ ಇಳಿಸುವುದು ಒಳ್ಳೆಯದಲ್ಲ, ಪಿತ್ತಕೋಶದಲ್ಲಿ ಕಲ್ಲಾಗುವ ಸಾಧ್ಯತೆ ಹೆಚ್ಚುತ್ತದೆ.

ಬಸುರಿಯರು, ಹಾಲೂಡಿಸುವವರು ವೈದ್ಯರನ್ನು ಕೇಳದೆ ಊಟ ಕಡಿಮೆ ಮಾಡಬಾರದು. ಮೂತ್ರಪಿಂಡದ ತೊಂದರೆ ಇದ್ದವರು ಪ್ರೋಟೀನ್ ಹೆಚ್ಚಿಸುವ ಮೊದಲು ಕೇಳಬೇಕು. ಊಟ ಬದಲಿಸಿಯೂ ಆಯಾಸ, ಬಾವು, ತೂಕ ಏರಿಕೆ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಗುಳಿಗೆ ತೆಗೆದುಕೊಳ್ಳುವವರಿಗೆ. ರೊಟ್ಟಿ-ಅನ್ನ ಒಮ್ಮೆಲೇ ಅರ್ಧ ಮಾಡಿ ಔಷಧಿ ಮೊದಲಿನಷ್ಟೇ ಮುಂದುವರಿಸಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಬೀಳಬಹುದು. ಕೈ ನಡುಗುವುದು, ತಣ್ಣನೆ ಬೆವರು, ಎದೆಬಡಿತ, ಕಣ್ಣು ಮಂಜು, ಮಾತು ತೊದಲುವುದು ಇದರ ಗುರುತು. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿದು, ಹದಿನೈದು ನಿಮಿಷದ ನಂತರ ಮತ್ತೆ ಪರೀಕ್ಷಿಸಿ, ಸುಧಾರಿಸದಿದ್ದರೆ ಇನ್ನೊಮ್ಮೆ ಕುಡಿಯಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನ್ ಮಾಡಬೇಕು. ಔಷಧಿಯ ಪ್ರಮಾಣವನ್ನು ಊಟ ಬದಲಿಸುವ ಮೊದಲೇ ಕೇಳಿಕೊಂಡು ಬರುವುದು ಲೇಸು. ಜಿಲ್ಲಾ ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ ಕ್ಲಿನಿಕ್ಕಿಗೆ ಹೋಗುವಾಗ ಗುಳಿಗೆಯ ಚೀಟಿಯ ಜೊತೆಗೆ ಒಂದು ವಾರ ಬರೆದಿಟ್ಟ ಊಟದ ಪಟ್ಟಿಯನ್ನೂ ಒಯ್ಯಿರಿ.